‘ಅಯ್ಯೋ ಪಾಪ’ ಅಂದ ಮೇಲೆ ಏನು ಮಾಡಬೇಕು?

ನಮ್ಮ ಜನರಿಗೆ ಕನಿಕರ ಕಡಿಮೆಯೇನಿಲ್ಲ. ಬಸ್ಸಿನಲ್ಲಿ ಯಾರಿಗಾದರೂ ತಲೆ ಸುತ್ತಿ ಬಂದರೆ ಸಾಕು, ಹತ್ತಾರು ಬಾಯಿ ಒಟ್ಟಿಗೇ ‘ಅಯ್ಯೋ ಪಾಪ’ ಅನ್ನುತ್ತವೆ. ಎದ್ದು ಸೀಟು ಬಿಟ್ಟುಕೊಟ್ಟು, ಕಿಟಕಿ ತೆಗೆದು, ಕಂಡಕ್ಟರನ್ನು ಕೂಗುವವರು ಮಾತ್ರ ಒಬ್ಬರೋ ಇಬ್ಬರೋ. ಹಾಗೆಂದು ಉಳಿದವರೆಲ್ಲ ಕಲ್ಲೆದೆಯವರಲ್ಲ. ಒಬ್ಬರಿಗೆ ಏನು ಮಾಡಬೇಕೆಂದು ತೋಚುವುದಿಲ್ಲ, ಇನ್ನೊಬ್ಬರಿಗೆ ಪೊಲೀಸು, ಕೋರ್ಟಿನ ಹೆದರಿಕೆ, ಮತ್ತೊಬ್ಬರಿಗೆ ಮುಂದಿನ ಸ್ಟಾಪಿನಲ್ಲಿ ಇಳಿಯುವ ಅವಸರ. ಈ ಮೂರಕ್ಕೂ ಮದ್ದುಂಟು. ಮನಸ್ಸನ್ನು ಶುದ್ಧಿ ಮಾಡಿಕೊಳ್ಳುವ ದೊಡ್ಡ ಮಾತು ಹಾಗಿರಲಿ, ನಾಳೆ ಬೆಳಿಗ್ಗೆಯಿಂದಲೇ ಮಾಡಬಹುದಾದದ್ದು ಬೇಕಾದಷ್ಟಿದೆ.

ಮೊದಲು ಅವಸರ ಬಿಡಿ

1973ರಲ್ಲಿ ಪ್ರಕಟವಾದ ಒಂದು ಪ್ರಯೋಗ ಮನಶ್ಶಾಸ್ತ್ರದಲ್ಲಿ ಬಹಳ ಹೆಸರುವಾಸಿ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣ ಮಾಡಲು ಕಳಿಸಿದರು. ದಾರಿಯಲ್ಲಿ ಬಾಗಿಲೊಂದರ ಬಳಿ ಒಬ್ಬ ಕುಸಿದು ಕೂತು ಕೆಮ್ಮುತ್ತ ನರಳುತ್ತಿದ್ದ. ಅವನು ಪ್ರಯೋಗಕ್ಕೆಂದೇ ಕೂರಿಸಿದವನು. ಗಾಯಾಳುವನ್ನು ಕಂಡು ದಾರಿಯಲ್ಲಿ ನಿಂತ ಸಮಾರಿಯದವನ ಬೈಬಲ್ ಕಥೆಯ ಮೇಲೆಯೇ ಕೆಲವರು ಮಾತಾಡಬೇಕಿತ್ತು. ಆದರೂ ಯಾರು ನಿಂತರು, ಯಾರು ದಾಟಿಹೋದರು ಎಂಬುದಕ್ಕೂ ಭಾಷಣದ ವಿಷಯಕ್ಕೂ ಹೆಚ್ಚಿನ ಸಂಬಂಧ ಕಾಣಲಿಲ್ಲ. ಬೇಕಾದಷ್ಟು ಹೊತ್ತಿದೆ ಎಂದುಕೊಂಡು ಹೊರಟವರಲ್ಲಿ ಶೇ 63ರಷ್ಟು ಮಂದಿ ನೆರವಿಗೆ ನಿಂತರು. ‘ಆಗಲೇ ತಡವಾಯಿತು, ಓಡಿ’ ಎಂದು ಹೇಳಿಸಿಕೊಂಡವರಲ್ಲಿ ನಿಂತದ್ದು ಶೇ 10 ಮಾತ್ರ.

ಹಾಗಾಗಿ ಕರುಣೆಯ ಪಾಠ ಗಡಿಯಾರದಿಂದ ಶುರುವಾಗಬೇಕು. ಮನೆಯಿಂದ ಕಾಲು ಗಂಟೆ ಮೊದಲು ಹೊರಡಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಿಲ್ಕ್ ಬೋರ್ಡ್ ದಾಟಿ ಕೆಲಸಕ್ಕೆ ಹೋಗುವವರಿಗೆ ಈ ಮಾತು ತಮಾಷೆಯಾಗಿ ಕೇಳಿಸೀತು. ಅಂಥವರು ದಿನಕ್ಕೆ ಒಂದು ಕೆಲಸವನ್ನಾದರೂ ಪಟ್ಟಿಯಿಂದ ಕಿತ್ತುಹಾಕಿ. ಯಾರಾದರೂ ಮಾತಾಡಲು ಬಂದಾಗ ಫೋನನ್ನು ಮಗುಚಿ ಇಡಿ. ದಾರಿ ಕೇಳಿದ ಅಜ್ಜನಿಗೆ ಕೈ ತೋರಿಸಿ ಕಳಿಸುವ ಬದಲು ತಿರುವಿನವರೆಗೆ ಜೊತೆಗೆ ನಡೆಯುವಷ್ಟು ಬಿಡುವಿದ್ದರೆ ಮುಂದಿನದೆಲ್ಲ ಸಲೀಸು.

ರಸ್ತೆಯಲ್ಲಿ ಬಿದ್ದವರನ್ನು ಕಂಡಾಗ

‘ಎತ್ತಲು ಹೋದರೆ ನಮ್ಮ ಮೇಲೇ ಕೇಸು ಬೀಳುತ್ತದೆ’ ಎಂಬ ಮಾತು ಊರೂರಲ್ಲೂ ಇದೆ. ಇದು ಹಳೆಯ ಹೆದರಿಕೆ, ಕಾನೂನು ಅದನ್ನು ದಾಟಿ ಬಹಳ ಮುಂದೆ ಬಂದಿದೆ. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಗಾಯಾಳುಗಳಿಗೆ ನೆರವಾಗುವವರನ್ನು ಕಾಪಾಡುವ ಮಾರ್ಗಸೂಚಿಗಳಿಗೆ ಮಾನ್ಯತೆ ಕೊಟ್ಟಿತು. ಅದೇ ವರ್ಷ ಕರ್ನಾಟಕ ಇದಕ್ಕೆಂದೇ ಪ್ರತ್ಯೇಕ ಮಸೂದೆ ತಂದಿತು. ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದು, ಇಂಥ ಕಾನೂನು ಮಾಡಿದ ಮೊದಲ ರಾಜ್ಯ ನಮ್ಮದಾಯಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೇ 134ಎ ಸೆಕ್ಷನ್ ಸೇರಿದೆ. ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ, ಗಾಯಾಳು ಉಳಿಯದೇ ಹೋದರೂ, ಮೊಕದ್ದಮೆ ಹೂಡುವಂತಿಲ್ಲ. ಹೆಸರು, ವಿಳಾಸ ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ಅಪಘಾತವನ್ನು ಕಣ್ಣಾರೆ ಕಂಡವರು ವಿಳಾಸ ಕೊಟ್ಟು ಹೊರಡಬೇಕಾದೀತು, ಅಷ್ಟೇ. ‘ದುಡ್ಡು ಕಟ್ಟಿ, ಆಮೇಲೆ ಹೋಗಿ’ ಎಂದು ಆಸ್ಪತ್ರೆಯವರು ನಿಮ್ಮನ್ನು ತಡೆದು ನಿಲ್ಲಿಸುವಂತಿಲ್ಲ. ಚಿಕಿತ್ಸೆಯ ಖರ್ಚಿಗೂ ಈಗ ದಾರಿಯಿದೆ: 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಯೋಜನೆಯಂತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ ₹1.5 ಲಕ್ಷದ ತನಕ ನಗದುರಹಿತ ಚಿಕಿತ್ಸೆ ಸಿಗಬೇಕು.

ಇನ್ನು ಕೆಲಸದ ಮಾತು. ನಿಮ್ಮ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಇಂಡಿಕೇಟರ್ ಹಾಕಿ ಇಳಿಯಿರಿ. ಓಡಿಹೋಗುವ ಭರದಲ್ಲಿ ಇನ್ನೊಂದು ಲಾರಿಗೆ ಸಿಕ್ಕಿಕೊಂಡವರಿದ್ದಾರೆ. 112 ಅಥವಾ 108ಕ್ಕೆ ಕರೆ ಮಾಡಿ, ಹತ್ತಿರದ ಪೆಟ್ರೋಲ್ ಬಂಕ್, ಸೇತುವೆ, ಕಿಲೋಮೀಟರ್ ಕಲ್ಲು ಯಾವುದಾದರೂ ಒಂದು ಗುರುತು ಹೇಳಿ.

ಅಷ್ಟು ಹೊತ್ತಿಗೆ ಜನ ಸೇರಿರುತ್ತಾರೆ, ಎಲ್ಲರೂ ನೋಡುತ್ತಿರುತ್ತಾರೆ. ಆಗಲೇ ಹೇಳಿದ ಡಾರ್ಲಿಯೇ 1968ರಲ್ಲಿ ಬಿಬ್ ಲಟಾನೆ ಜೊತೆಗೂಡಿ ಇದನ್ನೂ ಪರೀಕ್ಷಿಸಿದ್ದರು. ನೋಡುವವರು ಹೆಚ್ಚಾದಷ್ಟೂ ‘ಬೇರೆ ಯಾರಾದರೂ ಮಾಡಿಯಾರು’ ಎಂದು ಪ್ರತಿಯೊಬ್ಬರೂ ಸುಮ್ಮನಾಗುತ್ತಾರೆ. ಆದ್ದರಿಂದ ‘ಯಾರಾದರೂ ಫೋನ್ ಮಾಡ್ರಪ್ಪಾ’ ಎಂದು ಗಾಳಿಗೆ ಕೂಗಬೇಡಿ. ‘ನೀಲಿ ಶರ್ಟಿನವರೇ, ನೀವು ಆಂಬುಲೆನ್ಸಿಗೆ ಮಾಡಿ. ಅಕ್ಕಾ, ನೀವು ಆ ಕಡೆಯ ಗಾಡಿಗಳನ್ನು ನಿಲ್ಲಿಸಿ’ ಎಂದು ಬೆರಳು ಮಾಡಿ ಹೇಳಿ. ಹೇಳಿಸಿಕೊಂಡವರು ತಕ್ಷಣ ಮಾಡುತ್ತಾರೆ. ಅವರೂ ಅದಕ್ಕೇ ಕಾಯುತ್ತಿರುತ್ತಾರೆ.

ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಕರ್ಚೀಫೋ ಟವೆಲ್ಲೋ ಇಟ್ಟು ಒತ್ತಿಹಿಡಿಯಿರಿ, ನಿಂತಿತೇ ಎಂದು ಮತ್ತೆ ಮತ್ತೆ ಎತ್ತಿ ನೋಡಬೇಡಿ. ನಮ್ಮಲ್ಲಿ ಬಿದ್ದವರ ಬಾಯಿಗೆ ಮೊದಲು ನೀರು ಬಿಡುವುದು ರೂಢಿ. ಪ್ರಜ್ಞೆ ತಪ್ಪಿದವರಿಗೆ ಅದು ಶ್ವಾಸಕೋಶಕ್ಕೆ ಇಳಿಯಬಹುದು, ಆಪರೇಷನ್ ಬೇಕಾದವರಿಗೂ ತೊಂದರೆ. ಕೊಡಬೇಡಿ. ಬೆಂಕಿಯೋ ಬೇರೆ ಅಪಾಯವೋ ಇದ್ದರೆ ಮಾತು ಬೇರೆ, ಇಲ್ಲವಾದರೆ ಕೈಕಾಲು ಹಿಡಿದೆತ್ತಿ ಆಟೋದೊಳಗೆ ತುರುಕುವುದು, ಹೆಲ್ಮೆಟ್ ಎಳೆದು ತೆಗೆಯುವುದು ಬೇಡ. ಕುತ್ತಿಗೆ, ಬೆನ್ನುಮೂಳೆಗೆ ಏಟಾಗಿದ್ದರೆ ಆ ಎಳೆದಾಟದಲ್ಲೇ ಜೀವಮಾನದ ಊನವಾದೀತು. ಆಂಬುಲೆನ್ಸ್ ಬರುವ ತನಕ ಪಕ್ಕದಲ್ಲಿ ಕೂತು ಕೈ ಹಿಡಿದು ‘ನಾನಿಲ್ಲೇ ಇದ್ದೇನೆ, ಗಾಡಿ ಬರ್ತಾ ಇದೆ’ ಅನ್ನುತ್ತಿರಿ. ಕಣ್ಣು ಮುಚ್ಚಿದ್ದರೂ ಕಿವಿ ಕೇಳುತ್ತಿರಬಹುದು. ವಿಡಿಯೊ ಮಾಡುವವನು ಕಂಡರೆ ಅವನಿಗೂ ಒಂದು ಕೆಲಸ ಹಚ್ಚಿ.

ಆಸ್ಪತ್ರೆಗೆ, ಸಾವಿನ ಮನೆಗೆ ಹೋಗುವಾಗ

ರೋಗಿಯನ್ನು ನೋಡಲು ಹಣ್ಣಿನ ಚೀಲ ಹಿಡಿದು ಹೋಗುತ್ತೇವೆ. ರೋಗಿಗೆ ಪಥ್ಯ, ಹಣ್ಣು ಕಿಟಕಿಯ ಮೇಲೇ ಕೊಳೆಯುತ್ತದೆ. ಕಾರಿಡಾರಿನಲ್ಲಿ ಎರಡು ದಿನದಿಂದ ಅದೇ ಬಟ್ಟೆಯಲ್ಲಿ ಕೂತಿರುವ ಹೆಂಡತಿಯನ್ನೋ ಮಗನನ್ನೋ ಯಾರೂ ವಿಚಾರಿಸುವುದಿಲ್ಲ. ಅವರಿಗೆ ತಿಂಡಿ ಒಯ್ಯಿರಿ, ಫೋನಿನ ಚಾರ್ಜರ್ ಒಯ್ಯಿರಿ. ಅದಕ್ಕಿಂತ ಒಳ್ಳೆಯದು, ‘ಎರಡು ಗಂಟೆ ನಾನು ಕೂತಿರುತ್ತೇನೆ. ಮನೆಗೆ ಹೋಗಿ ಸ್ನಾನ ಮಾಡಿಕೊಂಡು ಬನ್ನಿ’ ಎನ್ನುವುದು. ರಕ್ತ ಬೇಕಾಗಿದ್ದರೆ ನಿಮ್ಮದನ್ನೇ ಕೊಡಬಹುದೇ ನೋಡಿ. 18ರಿಂದ 65 ವರ್ಷದೊಳಗಿನ, 45 ಕಿಲೋ ಮೀರಿದ ಆರೋಗ್ಯವಂತ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು.

‘ಏನಾದರೂ ಬೇಕಾದರೆ ಹೇಳಿ’ ಎಂಬ ಮಾತನ್ನು ಬಿಟ್ಟುಬಿಡಿ. ಕಷ್ಟದಲ್ಲಿರುವವರು ಬಾಯಿಬಿಟ್ಟು ಕೇಳುವುದಿಲ್ಲ. ಕೇಳುವ ಭಾರವನ್ನೂ ಅವರ ತಲೆಗೇ ಹೊರಿಸಿದಂತಾಗುತ್ತದೆ. ‘ನಾಳೆ ಮಕ್ಕಳನ್ನು ಶಾಲೆಯಿಂದ ನಾನು ಕರೆತರುತ್ತೇನೆ’, ‘ರಾತ್ರಿಯ ಅನ್ನ ಸಾರು ನಮ್ಮ ಮನೆಯಿಂದ ಬರುತ್ತದೆ’ ಎಂದು ಕೆಲಸದ ಹೆಸರು ಹಿಡಿದು ಹೇಳಿ. ಸಾವಿನ ಮನೆಯಲ್ಲಿ ‘ಎಲ್ಲ ಅವನಿಚ್ಛೆ’, ‘ಹೋದವರು ಪುಣ್ಯವಂತರು’ ಎಂಬ ಸಮಾಧಾನಗಳು ಬೇಡ. ಕ್ಯಾನ್ಸರ್ ಬಂದವರೆದುರು ನಮ್ಮ ದೊಡ್ಡಪ್ಪನಿಗೂ ಹೀಗೇ ಆಗಿತ್ತು ಎಂದು ಕಥೆ ತೆಗೆಯುವವರನ್ನು ಎಬ್ಬಿಸಿ ಹೊರಗೆ ಕರೆದುಕೊಂಡು ಹೋಗುವುದೂ ಒಂದು ಪರೋಪಕಾರವೇ. ಹದಿಮೂರನೇ ದಿನ ಕಳೆದು ಶಾಮಿಯಾನ ಬಿಚ್ಚಿದ ಮೇಲೆ ಬರುವವರೇ ಇರುವುದಿಲ್ಲ. ಆ ವಾರ ಹೋಗಿ ಕೂತು ಬನ್ನಿ.

ಯಾರಾದರೂ ‘ಬದುಕೇ ಸಾಕಾಗಿದೆ’ ಅಂದರೆ ತಮಾಷೆ ಮಾಡಿ ತಳ್ಳಿಹಾಕಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೇಳಿಕೊಳ್ಳಲು ಅವರಿಗೊಂದು ದಾರಿ ಸಿಗುತ್ತದೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. 14416 ಟೆಲಿ ಮನಸ್ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಇದರ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ದಿನದ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು.

ಮನೆಯ ಬಾಗಿಲಲ್ಲೇ ಇರುವವರು

ದೂರದವರ ಸಂಕಟಕ್ಕೆ ಕಣ್ಣೀರು ಸುಲಭವಾಗಿ ಬರುತ್ತದೆ. ದಿನಾ ಪಾತ್ರೆ ತೊಳೆಯುವಾಕೆ, ಗೇಟಿನ ಸೆಕ್ಯೂರಿಟಿಯವನು, ಕಸದ ಗಾಡಿಯ ಪೌರಕಾರ್ಮಿಕರ ಮುಂದೆ ನಾವು ಹೇಗಿದ್ದೇವೆ ಎಂಬಲ್ಲಿ ನಿಜ ಗೊತ್ತಾಗುತ್ತದೆ. ಮೊದಲು ಅವರ ಹೆಸರು ತಿಳಿದುಕೊಳ್ಳಿ. ‘ಏಯ್’ ಎಂದು ಕರೆಯುವುದು ನಿಲ್ಲಲಿ. ಅವರಿಗೆಂದು ಬೇರೆ ಲೋಟ, ಬೇರೆ ತಟ್ಟೆ ಎತ್ತಿಟ್ಟಿದ್ದರೆ ಅದನ್ನು ಇವತ್ತೇ ಉಳಿದ ಪಾತ್ರೆಗಳ ಜೊತೆ ಸೇರಿಸಿ. ಇದು ಸ್ವಚ್ಛತೆಯ ಪ್ರಶ್ನೆ ಎಂದು ವಾದಿಸುವವರಿದ್ದಾರೆ. ಅದು ಜಾತಿಯ ಪ್ರಶ್ನೆ, ವಾದಿಸುವವರಿಗೂ ಗೊತ್ತು.

ಸಂಬಳ ಒಂದನೇ ತಾರೀಖಿಗೆ ಕೈಸೇರಲಿ. ವಾರಕ್ಕೊಂದು ರಜೆ, ಹುಷಾರಿಲ್ಲದ ದಿನದ ರಜೆ, ಎರಡಕ್ಕೂ ಸಂಬಳ ಹಿಡಿಯಬೇಡಿ. ಕರ್ನಾಟಕದಲ್ಲಿ ಮನೆಗೆಲಸ ಕನಿಷ್ಠ ವೇತನದ ವ್ಯಾಪ್ತಿಗೆ ಬಂದದ್ದು 2004ರಲ್ಲೇ. ಫ್ರಿಜ್ಜಿನಲ್ಲಿ ಮೂರು ದಿನ ಕೂತ ಪಲ್ಯ ಕೊಟ್ಟು ದಾನವೆಂದು ತಿಳಿಯಬೇಡಿ. ಹಳೆಯ ಬಟ್ಟೆ ಕೊಡುವುದಾದರೆ ಒಗೆದು, ಗುಂಡಿ ಹಾಕಿ, ಮಡಚಿ ಕೊಡಿ, ಬೇಕೇ ಎಂದು ಕೇಳಿ ಕೊಡಿ.

ಕಸ ಬೇರ್ಪಡಿಸುವುದನ್ನು ನಾವು ಪರಿಸರದ ವಿಷಯ ಎಂದುಕೊಂಡಿದ್ದೇವೆ, ಅದು ಇನ್ನೊಬ್ಬರ ಅಂಗೈಯ ವಿಷಯವೂ ಹೌದು. ಒಡೆದ ಗಾಜು, ಬ್ಲೇಡು, ಇಂಜೆಕ್ಷನ್ ಸೂಜಿಯನ್ನು ದಪ್ಪ ಕಾಗದದಲ್ಲೋ ಡಬ್ಬಿಯಲ್ಲೋ ಹಾಕಿ, ಮೇಲೆ ಕೆಂಪು ಗುರುತು ಮಾಡಿ ಕೈಗೇ ಕೊಡಿ. ಡೈಪರ್, ಪ್ಯಾಡ್‌ಗಳನ್ನು ಸುತ್ತಿ ಬೇರೆಯಾಗಿಯೇ ಕೊಡಬೇಕೆಂದು ಘನತ್ಯಾಜ್ಯ ನಿಯಮಗಳೂ ಹೇಳಿವೆ. ಡೆಲಿವರಿ ಹುಡುಗರು ನಾಲ್ಕನೇ ಮಹಡಿಗೆ ಹತ್ತಿ ಬಂದಾಗ ನೀರು ಬೇಕೇ ಎಂದು ಕೇಳಿ. ಬೇಸಿಗೆಯಲ್ಲಿ ಅರವಟ್ಟಿಗೆ ಇಡುತ್ತಿದ್ದ ನಾಡು ನಮ್ಮದು. ಕಾಂಪೌಂಡಿನ ಹೊರಗೆ ಒಂದು ಮಡಕೆ, ಒಂದು ಲೋಟ ಇಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಹಕ್ಕಿಗೆ ನೀರು, ತಿಂಗಳಿಗೊಂದಿಷ್ಟು ಹಣ

ಜೀವಿಗಳ ಮೇಲೆ ದಯೆ ತೋರುವುದು ಸಂವಿಧಾನದ 51ಎ(ಜಿ) ವಿಧಿಯ ಪ್ರಕಾರ ಪ್ರತಿ ನಾಗರಿಕನ ಮೂಲಭೂತ ಕರ್ತವ್ಯ. 1976ರ 42ನೇ ತಿದ್ದುಪಡಿಯಲ್ಲಿ ಸೇರಿದ್ದು. ಹಕ್ಕಿಗಳಿಗೆ ನೀರಿಡುವಾಗ ಆಳವಿಲ್ಲದ ಮಣ್ಣಿನ ತಟ್ಟೆ ಇರಲಿ, ನಡುವೆ ಕೂರಲು ಒಂದು ಕಲ್ಲು ಇರಲಿ. ನೀರನ್ನು ದಿನಾ ಬದಲಾಯಿಸಿ, ಇಲ್ಲದಿದ್ದರೆ ಸಾಕಿದ್ದು ಡೆಂಗಿ ಸೊಳ್ಳೆಯನ್ನು.

ಹಣದ ವಿಷಯದಲ್ಲಿ ಮನಸ್ಸನ್ನು ನೆಚ್ಚಬೇಡಿ. ಒಂದು ಮಗುವಿನ ಫೋಟೊ, ಹೆಸರು ಕಂಡರೆ ಜೇಬಿಗೆ ಕೈ ಹೋಗುತ್ತದೆ, ಸಾವಿರಾರು ಮಂದಿಯ ಲೆಕ್ಕ ಹೇಳಿದರೆ ಹೋಗುವುದಿಲ್ಲ. ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ ಮತ್ತು ಸಂಗಡಿಗರು ಇದನ್ನು ಪ್ರಯೋಗಗಳಲ್ಲಿ ತೋರಿಸಿದ್ದಾರೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ವಂಚಕರಿಗೂ ಈ ಗುಟ್ಟು ಗೊತ್ತು. ತಿಂಗಳಿಗೆ ಇಷ್ಟು ಎಂದು ಮೊದಲೇ ಗೊತ್ತುಮಾಡಿ, ನೀವೇ ಹೋಗಿ ನೋಡಿಬರಬಹುದಾದ ಶಾಲೆಗೋ ಹಾಸ್ಟೆಲಿಗೋ ಆಸ್ಪತ್ರೆಗೋ ಕೊಡಿ.

ನೋಡಿಕೊಳ್ಳುವವರನ್ನು ನೋಡಿಕೊಳ್ಳಿ

ಇನ್ನೊಬ್ಬರ ನೋವನ್ನು ತನ್ನದೇ ಎಂದು ಒಳಗೆಳೆದುಕೊಳ್ಳುವವರು ಬೇಗ ಬಸವಳಿಯುತ್ತಾರೆ. ನರವಿಜ್ಞಾನಿ ಟಾನಿಯಾ ಸಿಂಗರ್ ಅವರ ತಂಡ ನಡೆಸಿದ ಅಧ್ಯಯನಗಳಲ್ಲಿ, ನೋವನ್ನು ಹಾಗೇ ಅನುಭವಿಸಲು ಕಲಿತವರ ಮನಸ್ಸು ಕುಗ್ಗಿತು. ‘ಇವರಿಗೆ ಒಳ್ಳೆಯದಾಗಲಿ’ ಎಂದು ಹಾರೈಸುವುದನ್ನು ಅಭ್ಯಾಸ ಮಾಡಿದವರು ಅದೇ ನೋವಿನ ದೃಶ್ಯಗಳನ್ನು ನೋಡಿಯೂ ಚೇತರಿಸಿಕೊಂಡರು. ಅಳುವವರ ಜೊತೆ ಅಳದಿದ್ದರೆ ತಾನು ಕಟುಕ ಎಂದು ಭಾವಿಸಬೇಕಿಲ್ಲ. ಅವರ ಗ್ಯಾಸ್ ಬುಕ್ ಮಾಡಿಕೊಟ್ಟರೂ ಆದೀತು.

ಹಾಸಿಗೆ ಹಿಡಿದ ಅಪ್ಪನನ್ನೋ ಮರೆವಿನ ಅಮ್ಮನನ್ನೋ ನೋಡಿಕೊಳ್ಳುವ ಹೊಣೆ ಬಹಳ ಮನೆಗಳಲ್ಲಿ ಒಬ್ಬಳೇ ಮಗಳ ಮೇಲೋ ಸೊಸೆಯ ಮೇಲೋ ಬಿದ್ದಿರುತ್ತದೆ. ಉಳಿದ ಮಕ್ಕಳು ಪುಣೆಯಿಂದ, ಕ್ಯಾಲಿಫೋರ್ನಿಯಾದಿಂದ ಸಲಹೆ ಕೊಡುತ್ತಿರುತ್ತಾರೆ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ ವಿಚಾರಿಸುವುದು, ರಾತ್ರಿ ಪಾಳಿಗೆ ಹೋಮ್ ನರ್ಸ್ ಗೊತ್ತುಮಾಡಿ ದುಡ್ಡು ಕಳಿಸುವುದು ದೂರದಲ್ಲಿದ್ದುಕೊಂಡೇ ಆಗುವ ಕೆಲಸ. ಹತ್ತಿರದಲ್ಲಿರುವವರು ‘ಎರಡನೇ ಶನಿವಾರ ನಾನು ಬಂದು ಇರುತ್ತೇನೆ, ನೀನು ಎಲ್ಲಿಗಾದರೂ ಹೋಗಿ ಬಾ’ ಎಂದು ತಾರೀಖು ಹೇಳಿಬಿಡಿ. ಮಾತ್ರೆಗಳ ಹೊತ್ತು, ಪಥ್ಯ, ಡಾಕ್ಟರ ನಂಬರು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಕಾಫಿಗೆ ಸಕ್ಕರೆ ಎಷ್ಟು ಎಂಬುದನ್ನು ಮಾತ್ರ ಅಪ್ಪನ ಹತ್ತಿರ ಕೇಳದೆ ಹಾಳೆಯಲ್ಲೇ ಬರೆಸಿಕೊಂಡರೆ ಒಳ್ಳೆಯದು.