ಚನ್ನಪಟ್ಟಣದ ಮಾವಿನ ದರ ತರಿಸಲು ಯಾವ ಲೈಬ್ರರಿ?

ಚನ್ನಪಟ್ಟಣ ಎಪಿಎಂಸಿಯ ಮಾವಿನ ದರವನ್ನು ದಿನಾ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಕೋಡು ಹತ್ತು ಸಾಲು ದಾಟುವುದಿಲ್ಲ. ಕೇಂದ್ರ ಸರ್ಕಾರದ ಡೇಟಾ.ಗವ್.ಇನ್ ತಾಣ ಮಾರುಕಟ್ಟೆ ದರಗಳನ್ನು ಎಪಿಐ ಮೂಲಕ ಕೊಡುತ್ತದೆ. ನೋಂದಾಯಿಸಿ ಕೀ ಪಡೆದು, ಯಾವ ಮಾರುಕಟ್ಟೆ, ಎಷ್ಟು ದಾಖಲೆ ಎಂದು ಕೇಳಿದರೆ ಕನಿಷ್ಠ, ಗರಿಷ್ಠ, ಮಾದರಿ ದರಗಳು ಜೇಸನ್ ರೂಪದಲ್ಲಿ ಬರುತ್ತವೆ. ಇದು ಇಂದಿನ ದರದ ಪಟ್ಟಿ. ನಾಳೆ ಅದರ ಜಾಗದಲ್ಲಿ ನಾಳೆಯದು ಇರುತ್ತದೆ.

ಪೈಥಾನ್ ಜೊತೆಗೇ ಬರುವ ಅರ್ಲ್‌ಲಿಬ್‌ನಿಂದಲೂ ಈ ಕೆಲಸ ಆಗುತ್ತದೆ. ಆದರೆ ವಿಳಾಸದಲ್ಲಿನ ಆವರಣ ಚಿಹ್ನೆಗಳನ್ನು ಸಂಕೇತಕ್ಕೆ ಬದಲಿಸುವುದು, ಬಂದ ಬೈಟುಗಳನ್ನು ಬಿಡಿಸಿ ಓದುವುದು ಎಲ್ಲವೂ ಬರೆಯುವವರ ತಲೆಗೇ. 2011ರಲ್ಲಿ ಬಂದ ರಿಕ್ವೆಸ್ಟ್ಸ್ ಈ ತಾಪತ್ರಯವನ್ನು ತಾನೇ ಹೊತ್ತುಕೊಂಡಿತು. ಅದು ಜನಪ್ರಿಯವಾದದ್ದು ಈ ಸುಖಕ್ಕೇ. ಆದರೆ ಲೈಬ್ರರಿಯ ಗುಣ ತಿಳಿಯುವುದು ಉತ್ತರ ಬಂದಾಗಲ್ಲ, ಬಾರದಾಗ.

ರಿಕ್ವೆಸ್ಟ್ಸ್‌ಗೆ ಕಾಲಮಿತಿಯನ್ನು ನಾವೇ ಹೇಳಬೇಕು. ಹೇಳದಿದ್ದರೆ ಸರ್ವರ್ ಸುಮ್ಮನಾದರೂ ಅದು ಕಾಯುತ್ತಲೇ ಇರುತ್ತದೆ. ರಾತ್ರಿ ತಾನಾಗಿ ಓಡಬೇಕಿದ್ದ ಸ್ಕ್ರಿಪ್ಟು ಬೆಳಗಿನವರೆಗೂ ನಿಂತಲ್ಲೇ ನಿಂತಿರುತ್ತದೆ, ದೋಷದ ಸಂದೇಶವೂ ಇಲ್ಲ, ಆ ದಿನದ ದರವೂ ಇಲ್ಲ. ಟೈಮ್‌ಔಟ್ 10 ಎಂದು ಕೊಟ್ಟರೆ ಇಡೀ ಕೆಲಸ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ ಎಂದೂ ಅಲ್ಲ. ಒಂದು ತುಣುಕು ಬಂದ ಮೇಲೆ ಮುಂದಿನದಕ್ಕೆ ಅಷ್ಟು ಹೊತ್ತು ಕಾಯುತ್ತದೆ, ಅಷ್ಟೇ. ಇದೇ ಕೆಲಸದ ಇನ್ನೊಂದು ಪೈಥಾನ್ ಲೈಬ್ರರಿ ಎಚ್‌ಟಿಟಿಪಿಎಕ್ಸ್, ನಾವು ಹೇಳದಿದ್ದರೂ 5 ಸೆಕೆಂಡಿನ ಮಿತಿ ಇಟ್ಟುಕೊಂಡಿರುತ್ತದೆ. ಈ ಒಂದು ವಿಷಯದಲ್ಲಿ ಅದೇ ವಾಸಿ.

ಸರ್ವರ್ 500 ಎಂದು ಕೈಚೆಲ್ಲಿದಾಗ ಅರ್ಲ್‌ಲಿಬ್ ತಕ್ಷಣ ದೋಷ ಎತ್ತುತ್ತದೆ, ಹಳೆಯದಾದರೂ ಪ್ರಾಮಾಣಿಕ. ರಿಕ್ವೆಸ್ಟ್ಸ್ ಹಾಗಲ್ಲ, raise_for_status ಎಂದು ಕರೆದರೆ ಮಾತ್ರ ಬಾಯಿ ಬಿಡುತ್ತದೆ. ಜಾವಾಸ್ಕ್ರಿಪ್ಟಿನಲ್ಲೂ ಇದೇ ಕಥೆ: ಫೆಚ್ ಸುಮ್ಮನಿರುತ್ತದೆ, ಆಕ್ಸಿಯೋಸ್ ದೂರುತ್ತದೆ.

ಯಾವ ಲೈಬ್ರರಿಯೂ ಹಿಡಿಯದ ತಪ್ಪೊಂದಿದೆ: ಉತ್ತರ 200, ಪಟ್ಟಿ ಮಾತ್ರ ಖಾಲಿ. ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಒಂದಕ್ಷರ ಆಚೀಚೆಯಾದರೂ ಹೀಗಾಗುತ್ತದೆ. ಜಿಲ್ಲೆಯ ಹೆಸರು ಹಿಡಿದು ಹುಡುಕುವುದು ಇನ್ನೂ ಅಪಾಯ. ಚನ್ನಪಟ್ಟಣವಿರುವ, 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣವಾಯಿತು. ಹುಡುಕಾಟವನ್ನು ಮಾರುಕಟ್ಟೆಯ ಹೆಸರಿಗೆ ಕಟ್ಟಿ, ಖಾಲಿ ಪಟ್ಟಿ ಬಂದರೆ ಎಚ್ಚರಿಸುವ ಸಾಲೊಂದನ್ನು ಸೇರಿಸಬೇಕು. ರಜೆಯ ದಿನವೂ ಪಟ್ಟಿ ಖಾಲಿಯೇ ಆದ್ದರಿಂದ ಕೊನೆಯ ಆವಕದ ದಿನಾಂಕವನ್ನೂ ಉಳಿಸಿಟ್ಟುಕೊಳ್ಳುವುದು ಒಳ್ಳೆಯದು.

ಇಡೀ ರಾಜ್ಯದ ಮಂಡಿಗಳನ್ನು ಒಟ್ಟಿಗೆ ಕೇಳುವವರಿಗೆ ಎಚ್‌ಟಿಟಿಪಿಎಕ್ಸ್‌ನ ಅಸಿಂಕ್ ಬಳಕೆ ಸರಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಷ್ಟೇ ಸಾಕೆನ್ನುವವರಿಗೆ ರಿಕ್ವೆಸ್ಟ್ಸ್‌ನ ಒಂದು ಸೆಷನ್, ಒಂದು ಕಾಲಮಿತಿ ಧಾರಾಳವಾಯಿತು.