ಮಗುವಿಗೆ ಹಿಮನದಿ ತೋರಿಸುವ ಮೊದಲು

ಪಕ್ಕದ ಮನೆಯ ಹುಡುಗ ಮೊನ್ನೆ ಬೆಂಗಳೂರಿನಿಂದ ಬಂದಿದ್ದ. ಹುಡುಗ ಎನ್ನುವುದು ನನ್ನ ಬಾಯಿಯ ರೂಢಿ. ಈಗ ಅವನು ಇಬ್ಬರು ಮಕ್ಕಳ ತಂದೆ. ಜಗಲಿಯಲ್ಲಿ ಕೂತು ಮನಾಲಿ ಪ್ರವಾಸದ ವಿಡಿಯೊ ತೋರಿಸಿದ. ಮಕ್ಕಳು ಬಾಡಿಗೆ ಕೋಟು ತೊಟ್ಟು ಹಿಮದ ಉಂಡೆ ಎಸೆದಾಡುತ್ತಿದ್ದರು. "ಮಕ್ಕಳಿಗೆ ಗ್ಲೇಸಿಯರ್ ತೋರಿಸ್ಕೊಂಡು ಬಂದೆ ಮಾಸ್ತರೇ" ಅಂದ. ಅವನ ಸಂತೋಷ ಕಂಡು ನನಗೂ ಸಂತೋಷವಾಯಿತು. ಆದರೆ ಅವನು ತೋರಿಸಿದ್ದು ಹಿಮನದಿಯಲ್ಲ, ಈ ಚಳಿಗಾಲಕ್ಕೆ ಬಿದ್ದು ಬೇಸಿಗೆಗೆ ಕರಗಿಹೋಗುವ ಹಿಮ. ಅವನು ನನ್ನ ಹತ್ತಿರವೇ ಭೂಗೋಳ ಕಲಿತವನು. ಆದ್ದರಿಂದ ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಅವನಿಗೆ ಜಗಲಿಯಲ್ಲಿ ಹೇಳಿ ಮುಗಿಸಲಾಗದ್ದನ್ನು ಅವನ ವಯಸ್ಸಿನ ನಿಮಗೆಲ್ಲ ಹೇಳಬೇಕೆನಿಸಿತು.

ಮೂವತ್ತು ವರ್ಷ ಶಿರಸಿ ಸೀಮೆಯ ಶಾಲೆಗಳಲ್ಲಿ ನಾನು ಪಾಠ ಹೇಳಿದೆ. ಹಿಮನದಿ ಎಂದರೆ ನಿಧಾನವಾಗಿ ಚಲಿಸುವ ಮಂಜುಗಡ್ಡೆಯ ರಾಶಿ ಎಂದು ಬರೆಸಿದೆ. ಮಕ್ಕಳು ಬಾಯಿಪಾಠ ಮಾಡಿದರು, ಅಂಕ ಪಡೆದರು. ನಾನು ಹಿಮನದಿಯನ್ನು ಕಣ್ಣಾರೆ ಕಂಡದ್ದು 1996ರಲ್ಲಿ, ಗಂಗೋತ್ರಿಯಿಂದ ಗೋಮುಖಕ್ಕೆ 18 ಕಿಲೋಮೀಟರ್ ನಡೆದಾಗ. ದಾರಿಯಲ್ಲಿ ಭೋಜಬಾಸಾ ಸಿಗುತ್ತದೆ. ಯಾವ ಮರದ ತೊಗಟೆಯ ಮೇಲೆ ನಮ್ಮ ಹಿರಿಯರು ಗ್ರಂಥ ಬರೆದರೋ ಆ ಭೂರ್ಜದ ಹೆಸರೇ ಆ ಜಾಗಕ್ಕೆ. ಅಲ್ಲಿ ಭೂರ್ಜದ ಕಾಡು ಹುಡುಕಿದೆ. ಯಾತ್ರಿಕರ ಒಲೆಗೆ ಎಷ್ಟೋ ಮರ ಹೋಗಿ ಗುಡ್ಡ ಬೋಳಾಗಿತ್ತು.

ಮುಂದೆ ಗೋಮುಖ, ಹಿಮನದಿಯ ಮೂತಿ. ಬೆಳ್ಳಗೆ ಹೊಳೆಯುವುದನ್ನು ಕಾಣುತ್ತೇನೆಂದು ಹೋದವನಿಗೆ ಎದುರಾದದ್ದು ಕಲ್ಲು ಮಣ್ಣು ಹೊದ್ದ ಬೂದು ಬಣ್ಣದ ಗೋಡೆ. ಕ್ವಾರಿಯೇನೋ ಅನ್ನಿಸಿತು. ಬಿರುಕುಗಳ ಒಳಗೆ ಕಣ್ಣು ಹಾಯಿಸಿದಾಗ ಮಾತ್ರ ತಿಳಿನೀಲಿ ಕಂಡಿತು. ವರ್ಷಗಟ್ಟಲೆ ಹಿಮದ ಮೇಲೆ ಹಿಮ ಬಿದ್ದು, ತನ್ನ ಭಾರಕ್ಕೇ ಒತ್ತಿ, ನಡುವಿನ ಗಾಳಿ ಹೊರಟುಹೋಗಿ ಗಟ್ಟಿಯಾದ ಮಂಜು ಅದು. ಬೆಳಕಿನ ಕೆಂಪನ್ನು ಹೀರಿಕೊಂಡು ನೀಲಿಯನ್ನು ನಮ್ಮ ಕಣ್ಣಿಗೆ ಬಿಟ್ಟುಕೊಡುತ್ತದೆ. ಅದರ ಬುಡದಿಂದ ಕೆಸರು ಬಣ್ಣದ ಭಾಗೀರಥಿ ಭೋರ್ಗರೆದು ಹೊರಡುತ್ತಿದ್ದಳು. ಹಿಂದಕ್ಕೆ ಸುಮಾರು 30 ಕಿಲೋಮೀಟರ್ ಉದ್ದ ಅದೇ ಮಂಜು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಅರ್ಧ ದಾರಿ ತಿರುಗಿ ಬಂದಷ್ಟು.

ಇವತ್ತು ನಿಮ್ಮ ಮಗು ಫೋನಿನಲ್ಲಿ ನೋಡುವ ಹಿಮನದಿಗೆ ಮಣ್ಣಿಲ್ಲ, ಕಲ್ಲಿಲ್ಲ, ಸದ್ದೂ ಇಲ್ಲ. ಹಾಡು ಮಾತ್ರ ಇದೆ. ಅದನ್ನೇ ನಂಬಿದ ಮಗು ನಿಜವಾದದ್ದರ ಎದುರು ನಿಂತಾಗ ಮುಖ ಸಣ್ಣ ಮಾಡುತ್ತದೆ. ಹಾಗಾಗದಿರಲಿ. ಹಿಮನದಿ ತನ್ನ ದಾರಿಯ ಬೆಟ್ಟವನ್ನು ಉಜ್ಜಿ ಒಡೆದು ಹೊತ್ತು ತರುವ ಕೂಲಿಯಾಳು, ಅದಕ್ಕೇ ಅದರ ಬಟ್ಟೆ ಕೊಳೆ ಎಂದು ಮೊದಲೇ ಹೇಳಿಕೊಡಿ.

ಕಲಿಸಲು ಹಿಮಾಲಯವೇ ಬೇಕೆಂದಿಲ್ಲ. ಆಲೆಮನೆಯ ಕಾಲದಲ್ಲಿ ಊರಿಗೆ ಬಂದಾಗ ಒಂದು ಅಡಿಕೆ ಹಾಳೆಯನ್ನು ಓರೆಯಾಗಿಟ್ಟು ಅದರ ಮೇಲೆ ಜೋನಿ ಬೆಲ್ಲ ಸುರಿಯಿರಿ. ಬೆಲ್ಲ ತನ್ನ ಭಾರಕ್ಕೆ ತಾನೇ ಜಾರುತ್ತದೆ. ಅಂಚಿನ ಬೆಲ್ಲ ಹಾಳೆಗೆ ಅಂಟಿ ಹಿಂದುಳಿಯುತ್ತದೆ, ನಡುವಿನದು ನಾಲಿಗೆ ಚಾಚಿದಂತೆ ಮುಂದೆ ಹೋಗುತ್ತದೆ. ಹಿಮನದಿ ಹರಿಯುವುದೂ ಹೀಗೇ, ನಡುವೆ ಜೋರು, ಅಂಚಿನಲ್ಲಿ ನಿಧಾನ. ಇನ್ನೊಂದು, ಫ್ರಿಜ್ಜಿನ ಮೂರು ಐಸ್ ತುಂಡು ಬಿಸಿಲಲ್ಲಿಡಿ. ಒಂದನ್ನು ಹಾಗೇ ಬಿಡಿ, ಒಂದಕ್ಕೆ ಚಿಟಿಕೆ ಇದ್ದಿಲ ಪುಡಿ ಉದುರಿಸಿ, ಮತ್ತೊಂದನ್ನು ದಪ್ಪಗೆ ಮರದ ಹೊಟ್ಟಿನಲ್ಲಿ ಮುಚ್ಚಿ. ಯಾವುದು ಮೊದಲು ಕರಗುತ್ತದೆಂದು ಮಗುವೇ ಕಾದು ನೋಡಲಿ. ನಾವು ಸುಡುವ ಕಸ, ಒಲೆ, ಡೀಸೆಲ್ಲಿನ ಮಸಿ ಗಾಳಿ ಹಿಡಿದು ಹೋಗಿ ಹಿಮದ ಮೇಲೆ ಕೂತರೆ ಬಿಸಿಲು ಹೆಚ್ಚು ಹೀರಿ ಅದು ಬೇಗ ಕರಗುತ್ತದೆ. ಮೇಲಿನ ಕಲ್ಲುರಾಶಿ ದಪ್ಪವಿದ್ದಲ್ಲಿ ಅದೇ ಹೊದಿಕೆಯಾಗಿ ಮಂಜನ್ನು ಕಾಯುತ್ತದೆ. ನಡುವೆ ಬಾಯಿ ಹಾಕಿ ಉತ್ತರ ಹೇಳಿಬಿಡಬೇಡಿ. ನಾನು ಮೂವತ್ತು ವರ್ಷ ಮಾಡಿದ್ದು ಅದನ್ನೇ.

ನಮ್ಮ ದೇವರ ಮನೆಯಲ್ಲಿ ಗಂಗೆಯ ನೀರು ತುಂಬಿ ಬೆಸುಗೆ ಹಾಕಿದ ಪುಟ್ಟ ತಾಮ್ರದ ಗಿಂಡಿಯಿತ್ತು, ಅಜ್ಜನ ಕಾಲದಲ್ಲಿ ಕಾಶಿಯಿಂದ ಬಂದದ್ದು. ಈ ನೀರು ಎಲ್ಲಿಂದ ಬಂತು ಎಂದರೆ ಅಜ್ಜಿ ಶಿವನ ಜಟೆಯಿಂದ ಎನ್ನುತ್ತಿದ್ದಳು. ಆ ಮಾತಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಮಗುವಿಗೆ ಅದನ್ನೂ ಹೇಳಿ, ಅದರ ಜೊತೆಗೆ ಮುಂದಿನದನ್ನೂ ಹೇಳಿ. ಭಾಗೀರಥಿ ದೇವಪ್ರಯಾಗದಲ್ಲಿ ಅಲಕನಂದೆಯನ್ನು ಕೂಡಿ ಗಂಗೆಯಾಗುತ್ತಾಳೆ. ಕಾಶಿಗೆ ಮುಟ್ಟುವ ಹೊತ್ತಿಗೆ ಅವಳಲ್ಲಿ ಹೆಚ್ಚಿನದು ಮಳೆಯ ನೀರು, ನೆಲದೊಳಗಿನ ನೀರು. ಹಿಮನದಿ ಕರಗಿದರೆ ಗಂಗೆ ಬತ್ತಿಹೋಗುತ್ತಾಳೆ ಎಂದು ಹೆದರಿಸುವುದು ತಪ್ಪು. ಆದರೆ ಮಳೆಗೆ ಮೊದಲಿನ ಬಿರುಬೇಸಿಗೆಯಲ್ಲಿ ಬೆಟ್ಟದ ಊರುಗಳಿಗೆ ಆ ಮಂಜಿನ ನೀರೇ ಆಸರೆ. ನಮ್ಮ ಕಾವೇರಿ, ಶರಾವತಿ, ಅಘನಾಶಿನಿಗೆ ಅಂಥ ಮಂಜಿನ ಕಣಜವಿಲ್ಲ. ಘಟ್ಟದ ಕಾಡೇ ಮಳೆಯನ್ನು ಹಿಡಿದಿಟ್ಟುಕೊಳ್ಳಬೇಕು. ಈ ವ್ಯತ್ಯಾಸ ತಿಳಿದ ಮಗು ಮನೆಯ ಹಿಂದಿನ ಕಾಡನ್ನೂ ಬೇರೆ ಕಣ್ಣಿನಿಂದ ನೋಡುತ್ತದೆ.

ಕೇದಾರನಾಥದ ವಿಷಯವೂ ಹಾಗೇ. 2013ರ ಜೂನ್ ಮಳೆಯಲ್ಲಿ ದೇಗುಲದ ಹಿಂದೆ ಬಂದು ನಿಂತು ನೀರನ್ನು ಸೀಳಿದ ಬಂಡೆಯ ಕತೆ ಎಲ್ಲ ಮಕ್ಕಳಿಗೂ ಗೊತ್ತು. ಮೇಲೆ ಚೋರಾಬಾರಿ ಹಿಮನದಿಯ ಪಕ್ಕದ ಕೆರೆ ಒಡೆದದ್ದು ಎಷ್ಟು ಮಕ್ಕಳಿಗೆ ಗೊತ್ತು? ಹಿಮನದಿ ಬಿಟ್ಟುಹೋದ ಸಡಿಲ ಕಲ್ಲುಮಣ್ಣಿನ ದಿಬ್ಬವೇ ಆ ಕೆರೆಯ ಕಟ್ಟೆಯಾಗಿತ್ತು. ಪವಾಡ ಹೇಳಿ ಕಾರಣ ಬಿಟ್ಟರೆ ಮಗುವಿಗೆ ಅರ್ಧವನ್ನೇ ಕೊಟ್ಟಂತೆ. ಹಾಗೆಂದು ರಾತ್ರಿ ಮಲಗುವ ಮುನ್ನ ಪ್ರಳಯದ ಮಾತಾಡಬೇಡಿ. ಲಡಾಖಿನ ಚೆವಾಂಗ್ ನಾರ್ಫೆಲ್ ಎಂಬ ಇಂಜಿನಿಯರರ ಕತೆ ಹೇಳಿ. ಚಳಿಗಾಲದಲ್ಲಿ ಸುಮ್ಮನೆ ಹರಿದುಹೋಗುವ ತೊರೆಯ ನೀರನ್ನು ನೆರಳಿನ ಇಳಿಜಾರಿಗೆ ತಿರುಗಿಸಿ, ಸಣ್ಣ ಸಣ್ಣ ಕಟ್ಟೆ ಹಾಕಿ ಹೆಪ್ಪುಗಟ್ಟಲು ಬಿಟ್ಟರು. ಬಿತ್ತನೆಯ ಹೊತ್ತಿಗೆ ಅದು ಕರಗಿ ಹೊಲಕ್ಕೆ ಇಳಿಯಿತು. 2015ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಭಯ ಕೇಳಿದ ಮಗು ಕಿವಿ ಮುಚ್ಚಿಕೊಳ್ಳುತ್ತದೆ. ಇಂಥದ್ದು ಕೇಳಿದ ಮಗು ಮರುದಿನ ಹಿತ್ತಲಲ್ಲಿ ಕಟ್ಟೆ ಕಟ್ಟುತ್ತದೆ.

ಕುಂದಗೋಳ ತಾಲ್ಲೂಕಿನ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರನ್ನೂ ನೆನೆಸಿ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ, ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕಿದವರು. ಮೂರು ದಿನ ಇಡೀ ನಾಡು ಅವರಿಗಾಗಿ ಹರಕೆ ಹೊತ್ತಿತು, ಆದರೆ ಅವರು ಉಳಿಯಲಿಲ್ಲ. ಅವರು ಕಾವಲಿದ್ದದ್ದು 19,000 ಅಡಿಗೂ ಎತ್ತರದಲ್ಲಿ. ಆ ಸಿಯಾಚಿನ್ ಸುಮಾರು 76 ಕಿಲೋಮೀಟರ್ ಉದ್ದದ ಹಿಮನದಿ ಎಂದು ನಕ್ಷೆ ಬಿಡಿಸಿ ತೋರಿಸಿ.

ಮಕ್ಕಳು ದೊಡ್ಡವರಾಗಿ, ಕಾಲಿಗೆ ಬಲ ಬಂದ ಮೇಲೆ ಗೋಮುಖಕ್ಕೆ ಕರೆದೊಯ್ಯಿರಿ. ಅವಸರ ಬೇಡ. ಗಂಗೋತ್ರಿಯೇ 10,000 ಅಡಿ ಎತ್ತರದಲ್ಲಿದೆ, ಅಲ್ಲಿ ಒಂದೆರಡು ದಿನ ನಿಂತು ಉಸಿರು ಹೊಂದಿಸಿಕೊಳ್ಳಿ. ಗೋಮುಖಕ್ಕೆ ದಿನಕ್ಕೆ 150 ಜನರಿಗಷ್ಟೇ ಅನುಮತಿ. ಆ ಕಟ್ಟುಪಾಡು ಕಂಡು ಗೊಣಗಬೇಡಿ, ನಮ್ಮ ಕಾಲದಲ್ಲಿ ಅದಿದ್ದಿದ್ದರೆ ಭೋಜಬಾಸಾ ಬೋಳಾಗುತ್ತಿರಲಿಲ್ಲ. ಒಯ್ದ ಪೊಟ್ಟಣ, ಬಾಟಲಿ ನಿಮ್ಮ ಚೀಲದಲ್ಲೇ ಮರಳಿ ಬರಲಿ. ಮೂತಿಯ ಹತ್ತಿರ ಹೋಗಬೇಡಿ, ಮಂಜಿನ ತುಂಡು ಹೇಳದೆ ಕೇಳದೆ ಕಳಚುತ್ತದೆ. ದೂರದಲ್ಲಿ ಒಂದು ಗಂಟೆ ಸುಮ್ಮನೆ ಕೂತುಕೊಳ್ಳಿ. ಮಂಜು ಬಿರಿಯುವ ಸದ್ದು, ಕಲ್ಲು ಉರುಳುವ ಸದ್ದು ಕೇಳುತ್ತದೆ.

1935ರಲ್ಲಿ ಜೆ.ಬಿ. ಆಡನ್ ಎಂಬ ಭೂವಿಜ್ಞಾನಿ ಅಲ್ಲಿಗೆ ಹೋಗಿ ಆ ಮೂತಿ ಎಲ್ಲಿದೆಯೆಂದು ಅಳೆದು ನಕ್ಷೆಯಲ್ಲಿ ಗುರುತಿಸಿದರು. ಅಂದಿನಿಂದ ಅದು ಒಂದೂವರೆ ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ ಎಂದು ನಾವು ಇವತ್ತು ಹೇಳಬಲ್ಲೆವಾದರೆ ಅದಕ್ಕೆ ಆ ಗುರುತೂ ಒಂದು ಕಾರಣ. ನನ್ನ ಬಳಿಯೂ 1996ರ ಒಂದು ಫೋಟೊ ಇದೆ. ನಡುವೆ ನಾನು ಮತ್ತು ನನ್ನ ಹೆಂಡತಿ ನಗುತ್ತಿದ್ದೇವೆ, ಮೂಲೆಯಲ್ಲಿ ಚೂರು ಮಂಜು. ಎಲ್ಲಿ ನಿಂತಿದ್ದೆವು, ಯಾವ ಬಂಡೆಯ ಪಕ್ಕ, ಯಾವ ದಿಕ್ಕಿಗೆ ಮುಖ, ಒಂದನ್ನೂ ಬರೆದಿಡಲಿಲ್ಲ. ಈಗ ಅದರಿಂದ ಏನೂ ತಿಳಿಯುವುದಿಲ್ಲ.

ನೀವು ಬರೆದಿಡಿ. ಎಷ್ಟು ವರ್ಷಗಳಾದರೂ ಅಲುಗದಂಥ ಬಂಡೆಯೊಂದನ್ನು ಮಗುವೇ ಆರಿಸಲಿ. ಅದರ ಪಕ್ಕ ನಿಂತು, ಹಿಂದಿನ ಶಿಖರವೂ ಮಂಜಿನ ಮೂತಿಯೂ ಪೂರ್ತಿ ಕಾಣುವಂತೆ ಫೋಟೊ ತೆಗೆಯಲಿ. ತಾರೀಖು, ಹೊತ್ತು, ಬಂಡೆಯ ಆಕಾರ ತನ್ನ ಕೈಯಾರೆ ನೋಟ್‌ಬುಕ್ಕಿನಲ್ಲಿ ಬರೆಯಲಿ. ಮನೆಗೆ ಬಂದ ಮೇಲೆ ಅದನ್ನು ಅಚ್ಚು ಹಾಕಿಸಿ, ದೇವರ ಮನೆಯಲ್ಲಿ ಗಂಗೆಯ ಗಿಂಡಿಯಿದ್ದರೆ ಅದರ ಪಕ್ಕದಲ್ಲೇ ಇಡಿ. ಇಪ್ಪತ್ತು ವರ್ಷದ ಮೇಲೆ ಆ ಮಗು ಅದೇ ಬಂಡೆ ಹುಡುಕಿಕೊಂಡು ಹೋಗುವಾಗ ಬೇಕಾಗುತ್ತದೆ.