ಮೊದಲು ಕೇಳು, ಆಮೇಲೆ ಕೇಳಿಸು

ವಯನಾಡಿನ ಪುಲ್ಪಳ್ಳಿಯ ನನ್ನ ಸೋದರಳಿಯನಿಗೆ,

ಅಟ್ಟದ ಮೇಲೆ ಎಫ್‌ಎಂ ಟ್ರಾನ್ಸ್‌ಮಿಟರ್ ಎದ್ದಿದೆ, ಪುಸ್ತಕ ಮಲಗಿದೆ ಅಂತ ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಪುಸ್ತಕದ ವಿಷಯ ಅವಳಿಗೇ ಬಿಟ್ಟೆ. ಅಡಿಕೆ ಮರಕ್ಕೆ ವೈರು ಕಟ್ಟಿ ಊರಿಗೆಲ್ಲ ಕೇಳಿಸುತ್ತೀಯಂತೆ. ನನಗೆ ಸಿಟ್ಟು ಬಂದದ್ದು ಆ ಮಾತಿಗೆ.

ನಿನ್ನ ವಯಸ್ಸಿನಲ್ಲಿ ನಾನು ಮೈಸೂರಿನ ಒಂದು ರೇಡಿಯೊ ರಿಪೇರಿ ಅಂಗಡಿಯಲ್ಲಿದ್ದೆ. ವಾಲ್ವ್ ಸೆಟ್ಟುಗಳು ಹೋಗಿ ಟ್ರಾನ್ಸಿಸ್ಟರ್ ಬರುತ್ತಿದ್ದ ಕಾಲ. ರೇಡಿಯೊ ಕೇಳುವುದಕ್ಕೂ ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು. ಯಜಮಾನರು ಬೆಳಗಿನಿಂದ ಕಾಯಿಲ್ ಸುತ್ತಿಸುತ್ತಿದ್ದರು. ಒಂದು ಸುತ್ತು ಹೆಚ್ಚಾದರೆ ಪೂರ್ತಿ ಬಿಚ್ಚಬೇಕು. ಬೆಸುಗೆ ಸಡಿಲ ಕಂಡರೆ ‘ಊಟ ಆಮೇಲೆ’ ಅನ್ನುತ್ತಿದ್ದರು. ಅಂಗಡಿ ಮುಚ್ಚುವ ಹೊತ್ತಿಗೆ ಮಾತ್ರ ಅವರ ನಾಲಿಗೆ ಸಡಿಲವಾಗುತ್ತಿತ್ತು. ಆಗ ಬರುತ್ತಿದ್ದದ್ದು ಎಂ.ವಿ. ಗೋಪಾಲಸ್ವಾಮಿಯವರ ಕಥೆ. ಮನಃಶಾಸ್ತ್ರದ ಪ್ರಾಧ್ಯಾಪಕರು, 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 30 ವ್ಯಾಟಿನ ಟ್ರಾನ್ಸ್‌ಮಿಟರಿನಲ್ಲಿ ಪ್ರಸಾರ ಶುರುಮಾಡಿದರು. ಇಡೀ ದೇಶಕ್ಕೆ ಪರಿಚಿತವಾದ ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದ್ದು.

‘ಅವರೂ ಮನೆಯಿಂದಲೇ ಮಾಡಿದ್ದಲ್ವಾ ಮಾವ?’ ಅನ್ನುತ್ತೀಯ. ಹೌದಪ್ಪ. ಆದರೆ ಅವರು ಕದ್ದು ಮಾಡಲಿಲ್ಲ. ಮುಂದೆ ಮೈಸೂರು ಸಂಸ್ಥಾನವೇ ಅದನ್ನು ವಹಿಸಿಕೊಂಡಿತು.

ನಿನ್ನ ಸರ್ಕ್ಯೂಟ್ ನನಗೆ ಗೊತ್ತಿಲ್ಲದ್ದಲ್ಲ. ಒಂದು ಟ್ರಾನ್ಸಿಸ್ಟರ್, ಐದಾರು ಸುತ್ತಿನ ಕಾಯಿಲ್, ಟ್ರಿಮ್ಮರ್, 9 ವೋಲ್ಟ್ ಬ್ಯಾಟರಿ. ಕೈ ಹತ್ತಿರ ತಂದರೆ ಆವರ್ತನ ಜಾರುತ್ತದೆ, ಬ್ಯಾಟರಿ ಇಳಿದರೆ ಮತ್ತೆ ಜಾರುತ್ತದೆ. ಅದಕ್ಕೊಂದು ಆಂಟೆನಾ ಸಿಕ್ಕಿಸಿ ಟ್ರಿಮ್ಮರ್ ತಿರುಗಿಸುತ್ತ ಕೂತರೆ, 90.4 ಮೆಗಾಹರ್ಟ್ಸ್‌ನಲ್ಲಿ ನಿಮ್ಮ ಜಿಲ್ಲೆಯ ಸಮುದಾಯ ರೇಡಿಯೊ ಮಾಟ್ಟೊಲಿ ಕೇಳುತ್ತಿರುವ ಪಕ್ಕದ ಮನೆಯವರಿಗೆ ನಿನ್ನ ಗೊರಗೊರ ಕೇಳುತ್ತದೆ. 108 ದಾಟಿದರೆ ಅಲ್ಲಿರುವುದು ವಿಮಾನಗಳಿಗೆ ದಿಕ್ಕು ತೋರಿಸುವ ಸಂಕೇತಗಳು. ಬುದ್ಧಿ ಇದ್ದವನು ಮಾಡುವ ಕೆಲಸವೇನೋ ಇದು? ಲೈಸೆನ್ಸ್ ಇಲ್ಲದ ಪ್ರಸಾರ ಅಪರಾಧ. ಪೊಲೀಸರು ಬಂದರೆ ನಿನ್ನಪ್ಪ ಯಾರ ಮುಖ ನೋಡಬೇಕು?

ಬೈದದ್ದು ಸಾಕು. ಕೈಯಲ್ಲಿ ಕಲೆ ಇರುವ ಹುಡುಗ ನೀನು, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

2024ರ ಜುಲೈ 30ರಂದು ಭೂಕುಸಿತದಲ್ಲಿ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದಾಗ ಹ್ಯಾಮ್‌ಗಳು, ಅಂದರೆ ಲೈಸೆನ್ಸ್ ಇರುವ ಹವ್ಯಾಸಿ ರೇಡಿಯೊದವರು, ಕಲ್ಪೆಟ್ಟದ ಕಲೆಕ್ಟರ್ ಕಚೇರಿಯಲ್ಲಿ ಸ್ಟೇಷನ್ ಹೂಡಿ ಸಂದೇಶ ಮುಟ್ಟಿಸಿದರು. ನಿನ್ನದೇ ಜಿಲ್ಲೆ. ಅವರೂ ಹವ್ಯಾಸಿಗಳೇ, ಆದರೆ ಪರೀಕ್ಷೆ ಬರೆದು ಕರೆಸಂಕೇತ ಪಡೆದವರು. 12 ವರ್ಷ ತುಂಬಿದವರು ಯಾರು ಬೇಕಾದರೂ ಬರೆಯಬಹುದು.

ಕದ್ದು ಎಫ್‌ಎಂ ಪ್ರಸಾರ, ಇಲ್ಲವೇ ಪರೀಕ್ಷೆ ಬರೆದು ಹ್ಯಾಮ್: ಎರಡೂ ದಾರಿ ನಿನ್ನ ಮುಂದಿವೆ, ಆಯ್ಕೆ ನಿನ್ನದು. ನನ್ನ ಮಟ್ಟಿಗೆ ಮೊದಲನೆಯದು ದಾರಿಯೇ ಅಲ್ಲ. ಎಫ್‌ಎಂ ತರಂಗ ನೇರ ನೋಟದಲ್ಲಿ ಹೋಗುವಂಥದ್ದು. ವಯನಾಡಿನ ಒಂದು ಗುಡ್ಡ ಅಡ್ಡ ಬಂದರೆ ನಿನ್ನ ಮಿಲಿವ್ಯಾಟ್ ಕಾಫಿತೋಟದ ಬೇಲಿಯಲ್ಲೇ ನಿಂತಿತು. ಹ್ಯಾಮ್‌ಗಳ 7 ಮೆಗಾಹರ್ಟ್ಸ್ ಹಾಗಲ್ಲ, ಮೇಲಿನ ಅಯಾನುಗೋಳಕ್ಕೆ ತಾಗಿ ಗುಡ್ಡದ ಆಚೆ ಇಳಿಯುತ್ತದೆ. ಕ್ರಿಸ್ಟಲ್ ಹಾಕಿದರೆ ಆವರ್ತನ ಅಲುಗುವುದಿಲ್ಲ, ಮುಂದೊಂದು ಫಿಲ್ಟರ್ ಇಟ್ಟರೆ ಕಸ ಹೊರಗೆ ಹೋಗುವುದಿಲ್ಲ. ಮೋರ್ಸ್ ಕಲಿತರೆ ಒಂದೆರಡು ವ್ಯಾಟಿನಲ್ಲೇ ಮೈಸೂರಿನವರ ಜತೆ ಮಾತಾಡಬಹುದು.

ಲೈಸೆನ್ಸ್ ಕೈಗೆ ಬರುವ ತನಕ ರಿಸೀವರ್ ಕಟ್ಟು. ಅದಕ್ಕೆ ಬೇಕಾದ ಸಾಮಾನು ಬೆಂಗಳೂರಿನ ಎಸ್.ಪಿ. ರೋಡಿನಿಂದ ನಾನೇ ಕಳಿಸುತ್ತೇನೆ. ಟ್ರಾನ್ಸ್‌ಮಿಟರಿನ ಕ್ರಿಸ್ಟಲ್ ಮಾತ್ರ ನೀನು ಪಾಸಾದ ಮೇಲೆ. ನಿನ್ನಮ್ಮನಿಗೂ ಹೇಳಿದ್ದೇನೆ: ಹುಡುಗನ ಸೋಲ್ಡರಿಂಗ್ ಐರನ್ ಕಸಿದುಕೊಳ್ಳಬೇಡ, ಅಟ್ಟದಲ್ಲೊಂದು ಒಳ್ಳೆಯ ದೀಪ ಹಾಕಿಸು ಅಂತ.

ಇಂತಿ,
ನಿನ್ನ ಮಾವ